ಹದಿಮೂರು ಗೋಲಿನ ಲೆಕ್ಕ

2014ರ ಮೇ 6. ಬೆಳಗಿನ ಜಾವ ಎರಡು ಗಂಟೆ ದಾಟಿತ್ತು. ಮನೆ ಓನರ್ ಎದ್ದುಬಿಟ್ಟಾರು ಅಂತ ಟಿವಿ ಸೌಂಡ್ ಪೂರ್ತಿ ಇಳಿಸಿ, ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಒಬ್ಬನೇ ಕೂತಿದ್ದೆ. ಲಂಡನ್ನಿನಲ್ಲಿ ಲಿವರ್‌ಪೂಲ್ ತಂಡ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 3-0 ಮುಂದಿತ್ತು. ಇನ್ನೊಂದೆರಡು ಹೊಡೀಲಿ ಅಂತ ನಾನು ಕಾಯ್ತಿದ್ದರೆ, ಆಟಗಾರರೂ ಅದೇ ಆಸೆಯಲ್ಲಿ ಮುಂದಕ್ಕೆ ನುಗ್ಗುತ್ತಿದ್ದರು. 79ನೇ ನಿಮಿಷದಿಂದ 88ನೇ ನಿಮಿಷದೊಳಗೆ ಮೂರು ಗೋಲು ತಿಂದರು. ಪಂದ್ಯ 3-3. ಸುವಾರೆಜ್ ಜರ್ಸಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನೂ ಅಂದು ನಿದ್ದೆ ಮಾಡಲಿಲ್ಲ.

ಆ ವರ್ಷದ ಲೀಗ್ ಕೈತಪ್ಪಿದ್ದು ಯಾಕೆ ಅಂತ ಯಾರನ್ನೇ ಕೇಳಿ, ಚೆಲ್ಸಿ ವಿರುದ್ಧ ನಾಯಕ ಜೆರಾರ್ಡ್ ಕಾಲು ಜಾರಿದ್ದನ್ನೇ ಹೇಳ್ತಾರೆ. ಬಹಳ ದಿನ ನಾನೂ ಹಾಗೇ ಹೇಳ್ತಿದ್ದೆ. ಆದರೆ ಅಂಕಪಟ್ಟಿ ಬೇರೆಯದನ್ನೇ ಹೇಳುತ್ತೆ. ಚಾಂಪಿಯನ್ ಆದ ಮ್ಯಾಂಚೆಸ್ಟರ್ ಸಿಟಿ ಹೊಡೆದದ್ದು 102 ಗೋಲು, ಲಿವರ್‌ಪೂಲ್ 101. ಒಂದೇ ಗೋಲಿನ ವ್ಯತ್ಯಾಸ! ಬಿಟ್ಟುಕೊಟ್ಟದ್ದನ್ನು ನೋಡಿ: ಸಿಟಿ 37, ಲಿವರ್‌ಪೂಲ್ 50. ಹನ್ನೊಂದನೇ ಸ್ಥಾನದ ಪ್ಯಾಲೇಸ್ ಕೂಡ ಬಿಟ್ಟುಕೊಟ್ಟದ್ದು 48 ಮಾತ್ರ. ಎರಡು ಅಂಕದಿಂದ ತಪ್ಪಿದ ಲೀಗ್ ಈ ಹದಿಮೂರು ಗೋಲಿನಲ್ಲಿತ್ತು, ಒಬ್ಬನ ಕಾಲಿನ ಕೆಳಗಲ್ಲ.

ಆ ಬೇಸಿಗೆಯಲ್ಲೇ ಸುವಾರೆಜ್‌ನನ್ನು ಬಾರ್ಸಿಲೋನಾಗೆ ಮಾರಿದರು. ಬಂದ ದೊಡ್ಡ ಮೊತ್ತವನ್ನು ಬಾಲೊಟೆಲ್ಲಿ, ಲಲ್ಲಾನಾ, ಮಾರ್ಕೊವಿಚ್, ಲೊವ್ರೆನ್ ಅಂತ ಹಲವರಿಗೆ ಹಂಚಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು. ಮರುವರ್ಷ ತಂಡ ಬಿಟ್ಟುಕೊಟ್ಟದ್ದು 48 ಗೋಲು. ಕೊನೆಯ ಪಂದ್ಯದಲ್ಲಿ ಸ್ಟೋಕ್ ಎದುರು 6-1 ಸೋಲು. ಅದರ ಮುಂದಿನ ವರ್ಷ ಮತ್ತೆ 50. ಅಷ್ಟರಲ್ಲಿ, 2015ರ ಅಕ್ಟೋಬರಿನಲ್ಲಿ, ಯುರ್ಗನ್ ಕ್ಲಾಪ್ ಕೋಚ್ ಆಗಿ ಬಂದಿದ್ದರು. ತೂತು ಮಾತ್ರ ಹಾಗೇ ಇತ್ತು. 2017ರ ಅಕ್ಟೋಬರಿನಲ್ಲಿ ಟಾಟನ್‌ಹ್ಯಾಮ್ 4-1 ಹೊಡೆದ ದಿನ, ಡಿಫೆಂಡರ್ ಲೊವ್ರೆನ್‌ನನ್ನು ಅರ್ಧ ಗಂಟೆಗೇ ಹೊರಗೆ ಕರೆಸಬೇಕಾಯ್ತು.

ಆಮೇಲೆ ಬಂತು 2018ರ ಜನವರಿ. ಸೌತಾಂಪ್ಟನ್‌ನಿಂದ ವರ್ಜಿಲ್ ವಾನ್ ಡೈಕ್‌ಗೆ 7.5 ಕೋಟಿ ಪೌಂಡ್. ಡಿಫೆಂಡರಿಗೆ ಇಷ್ಟೊಂದು ದುಡ್ಡಾ ಅಂತ ನಕ್ಕವರಲ್ಲಿ ನಾನೂ ಒಬ್ಬ. ಅದೇ ತಿಂಗಳು ಕುಟಿನ್ಯೊ ಬಾರ್ಸಿಲೋನಾಗೆ ಹೋದ. ಮೇ ತಿಂಗಳಲ್ಲಿ ಕೀವ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಗೋಲ್‌ಕೀಪರ್ ಕಾರಿಯಸ್ ಎರಡು ದೊಡ್ಡ ತಪ್ಪು ಮಾಡಿದ. ರಿಯಲ್ ಮ್ಯಾಡ್ರಿಡ್ 3-1ರಿಂದ ಗೆದ್ದಿತು. ಎರಡೇ ತಿಂಗಳಲ್ಲಿ ರೋಮಾದಿಂದ ಅಲಿಸನ್ ಬಂದ. ಮತ್ತೆ ಒಬ್ಬ ಸ್ಟಾರ್ ಬಾರ್ಸಿಲೋನಾಗೆ ಮಾರಾಟ, ಮತ್ತೆ ದೊಡ್ಡ ಮೊತ್ತ. ಆದರೆ ಈ ಸಲ ಖರ್ಚು ಸೋರುವ ಜಾಗ ನೋಡಿಕೊಂಡು ನಡೆದಿತ್ತು.

ದುಡ್ಡೊಂದೇ ಕಾರಣ ಅನ್ನೋದೂ ತಪ್ಪು. ಎಡಗಡೆ ನಿಂತ ರಾಬರ್ಟ್‌ಸನ್ ಲೀಗ್‌ನಿಂದ ಕೆಳಗಿಳಿದಿದ್ದ ಹಲ್ ಸಿಟಿಯಿಂದ ಸುಮಾರು 80 ಲಕ್ಷ ಪೌಂಡಿಗೆ ಬಂದವನು. ಮ್ಯಾಟಿಪ್ ಬಂದದ್ದು ಬಿಟ್ಟಿಯಾಗಿ. ಬಲಗಡೆಯ ಅಲೆಕ್ಸಾಂಡರ್ ಅರ್ನಾಲ್ಡ್ ಅದೇ ಊರಿನ, ಕ್ಲಬ್‌ನಲ್ಲೇ ಬೆಳೆದ ಹುಡುಗ. ಹಿಂದೆ ವಾನ್ ಡೈಕ್ ಇದ್ದಾನೆ ಅನ್ನೋ ಧೈರ್ಯದಲ್ಲಿ ಈ ಇಬ್ಬರು ಹುಡುಗರು ಅಂಚಿನಲ್ಲಿ ಮೇಲಕ್ಕೆ ಓಡಿದರು. 2018-19ರ ಲೀಗ್‌ನಲ್ಲಿ ಇಬ್ಬರೂ ಸೇರಿ 23 ಗೋಲುಗಳಿಗೆ ಪಾಸ್ ಕೊಟ್ಟರು. ಬೇಲಿ ಗಟ್ಟಿಯಾದ ಮೇಲೆ ಫಸಲೂ ಜಾಸ್ತಿಯಾಯ್ತು ನೋಡಿ.

ಆ ವರ್ಷ ಬಿಟ್ಟುಕೊಟ್ಟದ್ದು 22 ಗೋಲು ಮಾತ್ರ, ಸೇರಿಸಿದ್ದು 97 ಅಂಕ. ಆದರೂ ಲೀಗ್ ಸಿಗಲಿಲ್ಲ. ಸಿಟಿಗೆ 98! ಡಿಫೆನ್ಸ್ ಸರಿಮಾಡಿದರೆ ಕಪ್ ಗ್ಯಾರಂಟಿ ಅಂತ ನಾನು ಹೇಳೋದಿಲ್ಲ. ಆದರೆ ಅದೇ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಬಂತು, ಮುಂದಿನ ವರ್ಷ 30 ವರ್ಷಗಳ ನಂತರ ಲೀಗ್ ಕೂಡ ಬಂತು.

ಈಗಲೂ ಜೆರಾರ್ಡ್ ಜಾರಿದ ಆ ದೃಶ್ಯ ಕಣ್ಣಿಗೆ ಬಿದ್ದರೆ ಹೊಟ್ಟೆ ಚುರುಕ್ ಅನ್ನುತ್ತೆ. ಆದರೆ ಆತನನ್ನು ಬೈಯೋದನ್ನು ಬಿಟ್ಟಿದ್ದೀನಿ. ವರ್ಷವಿಡೀ ಸೋರಿದ್ದಕ್ಕೆ ಒಬ್ಬನ ತಲೆಗೆ ಕಟ್ಟುವುದು ನಮಗೆಲ್ಲ ಸುಲಭ, ಅಷ್ಟೆ.