ಕೊಂಡಿ ಕಳಚಿದಾಗ: ರಾಯಚೂರು ಸೀಮೆಯ ಪೂರೈಕೆಯ ಚರಿತ್ರೆ ಕಲಿಸುವ ಪಾಠ



ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ನಮ್ಮದು. ಇಲ್ಲಿ ಯಾವ ಅರಸ ಗೆದ್ದ, ಯಾವ ಸುಲ್ತಾನ ಸೋತ ಎಂಬುದನ್ನು ನೀವೆಲ್ಲ ಪರೀಕ್ಷೆಗಾಗಿ ಓದಿದ್ದೀರಿ. ಆದರೆ ಆ ದಿನಗಳಲ್ಲಿ ಜನಸಾಮಾನ್ಯರು ಏನು ತಿಂದರು, ಕಾಳುಕಡಿ ಎಲ್ಲಿಂದ ಬಂತು, ದಾರಿ ಕಟ್ಟಿಹೋದಾಗ ಏನು ಮಾಡಿದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಇಂದು ಇದನ್ನು ‘ಪೂರೈಕೆ ಸರಪಳಿ’ ಎನ್ನುತ್ತಾರೆ. ಹೆಸರು ಹೊಸದಾದರೂ ಸಂಗತಿ ಬಹಳ ಹಳೆಯದು.

ರಾಯಚೂರು ಕೋಟೆಯ ಗೋಡೆಯನ್ನು ಒಮ್ಮೆ ಗಮನವಿಟ್ಟು ನೋಡಿರಿ. ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಕಾಕತೀಯರ ಕಾಲದ ಶಾಸನವಿದೆ. ಆ ಬೃಹತ್ ಕಲ್ಲನ್ನು ಬಂಡಿಯ ಮೇಲೇರಿಸಿ, ಕೋಣಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ಬಗೆಯನ್ನೂ ಅಲ್ಲಿ ಕೆತ್ತಿದ್ದಾರೆ. ಸಾಗಣೆಯೂ ದಾಖಲಿಸಬೇಕಾದ ದೊಡ್ಡ ಕೆಲಸವೆಂದು ಆ ಕಾಲದವರು ಬಲ್ಲವರಾಗಿದ್ದರು.

ಮುಂದೆ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದನ ಆಳ್ವಿಕೆಯಲ್ಲಿ (1378–1397) ದಖನ್ ಪ್ರಾಂತಕ್ಕೆ ಭೀಕರ ಬರ ಬಂತು. ಅರಮನೆಯ ಸಾಮಾನು ಹೊರುವ ಎತ್ತುಗಳನ್ನೇ ಬಿಟ್ಟುಕೊಟ್ಟು, ಬರವಿಲ್ಲದ ಗುಜರಾತ್ ಮತ್ತು ಮಾಳ್ವಗಳಿಂದ ಧಾನ್ಯ ತರಿಸಿ ಕಡಿಮೆ ದರಕ್ಕೆ ಮಾರಿಸಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ವಿದ್ಯಾರ್ಥಿ ಮಿತ್ರರು ನೆನಪಿಡಬೇಕಾದ ಇನ್ನೊಂದು ಮಾತೂ ಅವನಲ್ಲಿದೆ. ಅನಾಥ ಮಕ್ಕಳಿಗಾಗಿ ಕಲಬುರಗಿ, ಬೀದರ್, ದೌಲತಾಬಾದ್ ಮೊದಲಾದ ಊರುಗಳಲ್ಲಿ ಸುಲ್ತಾನನು ಶಾಲೆಗಳನ್ನು ತೆರೆದನು. ಕಷ್ಟಕಾಲದಲ್ಲಿ ಮೊದಲು ಬಲಿಯಾಗುವುದು ಮಕ್ಕಳ ಓದು ಎಂಬ ತಿಳಿವಳಿಕೆ ಆ ಕಾಲದಲ್ಲೇ ಇತ್ತೆಂಬುದು ಗಮನಾರ್ಹ.

ಇನ್ನು 1520ರ ರಾಯಚೂರು ಮುತ್ತಿಗೆಯನ್ನು ನೋಡೋಣ. ಪೋರ್ಚುಗೀಸ್ ಬರಹಗಾರ ನೂನಿಜನ ಪ್ರಕಾರ ಕೋಟೆಯೊಳಗೆ ಬತ್ತದ ಚಿಲುಮೆ, ಕೆರೆ, ಬಾವಿಗಳಿದ್ದವು. ಐದು ವರ್ಷಕ್ಕೆ ಸಾಲುವಷ್ಟು ದಾಸ್ತಾನು ಇತ್ತು. ಸಿದ್ಧತೆಯಲ್ಲಿ ಕೊರತೆ ಇರಲಿಲ್ಲ. ಆದರೂ ಕೋಟೆ ಬಿತ್ತು. ನೆರವಿಗೆ ಬಂದ ಇಸ್ಮಾಯಿಲ್ ಆದಿಲ್ ಶಾಹನ ಸೈನ್ಯವು ಕೃಷ್ಣದೇವರಾಯನಿಗೆ ಸೋತು ಹಿಂದಿರುಗಿತು. ಬಳಿಕ ಕೋಟೆಯ ದಳಪತಿ ಗುಂಡೇಟಿಗೆ ಬಲಿಯಾದನು. ಕಣಜ ತುಂಬಿದ್ದರೂ ಜನ ಧೈರ್ಯಗೆಟ್ಟು ಶರಣಾದರು. ದಾಸ್ತಾನೊಂದೇ ಸಿದ್ಧತೆಯಲ್ಲ, ಹೊರಗಿನ ನೆರವು, ಒಳಗಿನ ನಾಯಕತ್ವ, ಜನರ ವಿಶ್ವಾಸ ಇವೂ ಬೇಕೆಂಬುದಕ್ಕೆ ನಮ್ಮ ಊರಿನ ಕೋಟೆಯೇ ಸಾಕ್ಷಿ.

ಹಳ್ಳಿಗಳಲ್ಲಿ ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿ, ಸೊಪ್ಪೆ-ಹುಲ್ಲು ಹಾಸಿ, ಕಾಳು ತುಂಬಿ ಬಾಯಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ವಿಷಗಾಳಿ ಹೊರಹೋಗಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಒಂದು ವರ್ಷ ಮಳೆ ಕೈಕೊಟ್ಟರೂ ಮನೆಯ ಒಲೆ ಆರದಂತೆ ಈ ಪದ್ಧತಿ ಕಾಯುತ್ತಿತ್ತು.

1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. ಇನ್ನು ಬರದ ಭಯವಿಲ್ಲ, ಎಲ್ಲಿ ಕೊರತೆಯೋ ಅಲ್ಲಿಗೆ ಧಾನ್ಯ ಓಡಿ ಬರುತ್ತದೆ ಎಂದು ಅನೇಕರು ನಂಬಿದರು. ಐದೇ ವರ್ಷಗಳಲ್ಲಿ 1876–78ರ ಮಹಾಕ್ಷಾಮ ಬಂತು. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ರೈಲು ಧಾನ್ಯವನ್ನು ತಂದದ್ದು ನಿಜ. ಆದರೆ ನಿಲ್ದಾಣದಿಂದ ಹಳ್ಳಿಗೆ ಒಯ್ಯಲು ಬಂಡಿ ಬೇಕು, ಬಂಡಿಗೆ ಎತ್ತು ಬೇಕು, ಎತ್ತಿಗೆ ಮೇವು ಬೇಕು. ಬರದಲ್ಲಿ ಮೇವಿಲ್ಲದೆ ಎತ್ತುಗಳೇ ಸತ್ತಿದ್ದವು. ಮೇಲಾಗಿ, ಹೆಚ್ಚು ಬೆಲೆ ಸಿಗುವ ಕಡೆಗೆ ಕಾಳನ್ನು ಸಾಗಿಸಲು ವ್ಯಾಪಾರಿಗಳಿಗೂ ಅದೇ ರೈಲು ಅನುಕೂಲವಾಯಿತು. ಕೂಲಿ ಮಾಡಿ ಬದುಕುವವನಿಗೆ ಕಾಳು ಕಣ್ಣೆದುರು ಇದ್ದರೂ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಈ ಕ್ಷಾಮದ ನಂತರವೇ ಬ್ರಿಟಿಷ್ ಸರ್ಕಾರ 1880ರ ಕ್ಷಾಮ ಆಯೋಗದ ವರದಿಯನ್ನು ಆಧರಿಸಿ ಕ್ಷಾಮ ಸಂಹಿತೆಗಳನ್ನು ರೂಪಿಸಿತು.

ಇದೆಲ್ಲ ಹಳೆಯ ಕಥೆ ಎಂದು ನೀವು ಭಾವಿಸಬಹುದು. ಹಾಗಾದರೆ ಇತ್ತೀಚಿನ ವರ್ಷಗಳನ್ನು ನೆನಪಿಸಿಕೊಳ್ಳಿ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಪ್ರವಾಹದಲ್ಲಿ ತುಂಗಭದ್ರೆಯ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಎದುರು ದಂಡೆಯ ಮಂತ್ರಾಲಯವೂ ಮುಳುಗಿತು. 2019ರ ಆಗಸ್ಟಿನಲ್ಲಿ ನಾರಾಯಣಪುರ ಅಣೆಕಟ್ಟೆಯಿಂದ ಲಕ್ಷಾಂತರ ಕ್ಯೂಸೆಕ್ ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ, ಶಹಾಪುರ, ಕಲಬುರಗಿಗಳ ಕಡೆಗಿನ ದಾರಿ ಕಡಿಯಿತು. ಕೃಷ್ಣೆಯ ನಡುಗಡ್ಡೆಗಳಾದ ಕುರ್ವಕುಲಾ, ಕುರ್ವಕುರ್ದಾ ಗ್ರಾಮಗಳ ಜನರಂತೂ ನದಿ ತುಂಬಿದಾಗಲೆಲ್ಲ ಸಂತೆಗೂ ದವಾಖಾನೆಗೂ ದೂರವಾಗುತ್ತಾರೆ. 2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್ ಬಂದಾಗ ಮಳೆಯೂ ಇರಲಿಲ್ಲ, ಬರವೂ ಇರಲಿಲ್ಲ. ದೇಶದ ಗೋದಾಮುಗಳಲ್ಲಿ ಅಕ್ಕಿ-ಗೋಧಿ ತುಂಬಿತ್ತು. ಆದರೆ ಲಾರಿಗಳು ಗಡಿಗಳಲ್ಲಿ ನಿಂತವು. ಗುಳೆ ಹೋದ ನಮ್ಮ ಜನ ದೂರದ ನಗರಗಳಲ್ಲಿ ಕೂಲಿಯಿಲ್ಲದೆ ಸಿಕ್ಕಿಬಿದ್ದರು.

2024ರ ಆಗಸ್ಟ್ 10ರ ರಾತ್ರಿ ನಡೆದದ್ದಂತೂ ಮಾತಿನ ಸರಪಳಿಯಲ್ಲ, ನಿಜವಾದ ಕಬ್ಬಿಣದ ಸರಪಳಿ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರಿಗೆ ಒಳ್ಳೆಯ ವರ್ಷದಲ್ಲೂ ನೀರು ತಲುಪುವುದು ಕಷ್ಟ. ಅಂಥವರ ಆತಂಕ ಹೇಗಿದ್ದಿರಬೇಕು, ಯೋಚಿಸಿರಿ. ಅನುಭವಿ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಅಳವಡಿಸಿ ಒಂದು ವಾರದೊಳಗೆ ನೀರು ತಡೆಯಲಾಯಿತು. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟೆಯ ಗೇಟುಗಳನ್ನು ಬಲ್ಲ ಹಿರಿಯರೊಬ್ಬರು ಇದ್ದುದೇ ನಮ್ಮ ಭಾಗ್ಯ. ಜ್ಞಾನವೂ ಒಂದು ದಾಸ್ತಾನು ಎಂಬುದನ್ನು ಮರೆಯಬಾರದು.

ಓದುಗರೇ, ಈ ಎಲ್ಲ ಘಟನೆಗಳನ್ನು ಜೋಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಧಾನ್ಯ ಇಲ್ಲದೆ ಆದ ತೊಂದರೆಗಿಂತ, ಇದ್ದದ್ದು ತಲುಪದೆ ಆದ ತೊಂದರೆ ಕಡಿಮೆಯೇನಲ್ಲ. ಆದ್ದರಿಂದ ನಮ್ಮ ಸಿದ್ಧತೆಯೂ ತಲುಪುವ ದಾರಿಯನ್ನು ಗಮನಿಸಬೇಕು. ಮಳೆಗಾಲಕ್ಕೆ ಮುನ್ನ ಮನೆಯಲ್ಲಿ ಎರಡು-ಮೂರು ವಾರಕ್ಕಾಗುವಷ್ಟು ಜೋಳ, ಅಕ್ಕಿ, ಬೇಳೆ, ಉಪ್ಪು ಇರಲಿ. ಕುಡಿಯುವ ನೀರು ಮುಚ್ಚಿದ ಪಾತ್ರೆಯಲ್ಲಿರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ದಿನವೂ ಔಷಧಿ ತೆಗೆದುಕೊಳ್ಳುವ ಹಿರಿಯರಿದ್ದರೆ ವೈದ್ಯರನ್ನು ಕೇಳಿ ಕೆಲವು ದಿನಗಳ ಹೆಚ್ಚಿನ ಔಷಧಿ ಇಟ್ಟುಕೊಳ್ಳಿ. ಹಳೆಯ ಸಾಮಾನು ಮೊದಲು ಬಳಸಿ, ಹೊಸದನ್ನು ಹಿಂದೆ ಇಡಿ. ಸೇತುವೆ ಮುಳುಗಿದರೆ ಬಳಸುದಾರಿ ಯಾವುದೆಂದು ಮೊದಲೇ ತಿಳಿದಿರಿ.

ಆದರೆ ಕೂಡಿಡುವುದು ಬೇರೆ, ಬಚ್ಚಿಡುವುದು ಬೇರೆ. ಅಂಗಡಿಯಲ್ಲಿ ಕೊರತೆ ಕಂಡ ದಿನ ಮೂಟೆಗಟ್ಟಲೆ ಕೊಂಡರೆ, ದಿನಗೂಲಿಯವನ ಪಾಲನ್ನು ನಾವು ಕಸಿದಂತೆ. ಸುಗ್ಗಿಯಲ್ಲಿ ಸ್ವಲ್ಪಸ್ವಲ್ಪವಾಗಿ ಕೂಡಿಡುವವನಿಂದ ಯಾರಿಗೂ ನಷ್ಟವಿಲ್ಲ. ಕೊರತೆಯ ದಿನ ಅವನು ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲದಿರುವುದೂ ನೆರೆಯವನಿಗೆ ಒಂದು ಉಪಕಾರವೇ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಓಣಿಯಲ್ಲಿ ಒಂಟಿಯಾಗಿರುವ ವೃದ್ಧರು, ವಿಧವೆಯರು, ಗುಳೆ ಹೋದವರ ಮಕ್ಕಳು ಯಾರೆಂದು ಪಟ್ಟಿ ಮಾಡಿರಿ. ದಾರಿ ಕಡಿದ ದಿನ ಯಾರು ಯಾರ ಮನೆಗೆ ಹೋಗಿ ವಿಚಾರಿಸಬೇಕೆಂದು ಇಂದೇ ಹಂಚಿಕೊಳ್ಳಿರಿ. ನಿಮ್ಮ ಅಜ್ಜ-ಅಜ್ಜಿಯರನ್ನು ಕೇಳಿ ಹಗೇವಿನ ವಿಚಾರ, ಬರಗಾಲದ ಊಟದ ವಿಚಾರ ಬರೆದಿಡಿರಿ. ಇದಕ್ಕೆ ಹಣ ಬೇಕಿಲ್ಲ, ಒಂದು ನೋಟುಬುಕ್ಕು ಸಾಕು. ಮುಂದಿನ ಮಳೆಗಾಲಕ್ಕೆ ಮೊದಲು ಆ ಪಟ್ಟಿ ನಿಮ್ಮ ಕೈಯಲ್ಲಿರಲಿ.