ತೆರಿಗೆ ಬದಲಾವಣೆಯ ವರಮಾನ ಲೆಕ್ಕ: ಸೂಕ್ಷ್ಮ ಅನುಕರಣೆಯ ಬಲ ಮತ್ತು ಮಿತಿ

ತೆರಿಗೆಯ ದರವೋ ವಿನಾಯಿತಿಯೋ ಬದಲಾದಾಗ ಸರ್ಕಾರದ ವರಮಾನ ಎಷ್ಟು ಏರೀತು, ಎಷ್ಟು ಇಳಿದೀತು ಎಂಬುದನ್ನು ಒಬ್ಬೊಬ್ಬ ತೆರಿಗೆದಾರರ ಮಟ್ಟದಿಂದ ಲೆಕ್ಕ ಹಾಕುವ ವಿಧಾನವೇ ಮೈಕ್ರೋಸಿಮ್ಯುಲೇಶನ್, ಅಂದರೆ ಸೂಕ್ಷ್ಮ ಅನುಕರಣೆ. ಇದರ ಮೂಲಕಲ್ಪನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್ 1957ರಲ್ಲಿ ಮುಂದಿಟ್ಟರು. ಅಮೆರಿಕದ ಟ್ಯಾಕ್ಸ್‌ಸಿಮ್, ಯುರೋಪಿಯನ್ ಒಕ್ಕೂಟದ ಯೂರೋಮಾಡ್ ತಂತ್ರಾಂಶಗಳು ಇದೇ ದಾರಿಯವು.

ತಂತ್ರಾಂಶವು ರಿಟರ್ನ್‌ಗಳ ಒಂದು ಮಾದರಿಯನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಹಳೆಯ ಕಾನೂನಿನಂತೆ ಒಮ್ಮೆ, ಹೊಸದರಂತೆ ಇನ್ನೊಮ್ಮೆ ತೆರಿಗೆ ಲೆಕ್ಕ ಹಾಕುತ್ತದೆ. ಆ ರಿಟರ್ನ್ ಎಷ್ಟು ಜನರನ್ನು ಪ್ರತಿನಿಧಿಸುತ್ತದೋ ಅಷ್ಟರಿಂದ ವ್ಯತ್ಯಾಸವನ್ನು ಗುಣಿಸಿ ಕೂಡುತ್ತದೆ.

ಭಾರತದ 2025ರ ಬಜೆಟ್ಟನ್ನೇ ನೋಡಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ತೆರಿಗೆಯೋಗ್ಯ ಆದಾಯಕ್ಕೆ ಅದುವರೆಗೆ, ಸೆಸ್ ಬಿಟ್ಟು, 80,000 ರೂಪಾಯಿ ತೆರಿಗೆ ಇತ್ತು. ಹೊಸ ಸ್ಲ್ಯಾಬ್‌ಗಳ ಪ್ರಕಾರ ಅದು 60,000. ಅಷ್ಟೇ ಮೊತ್ತದ ರಿಬೇಟ್ ಸಿಗುವುದರಿಂದ ಕೊನೆಗೆ ಸೊನ್ನೆ. ಆದಾಯ 12,10,000 ಆದರೆ ಲೆಕ್ಕದ ತೆರಿಗೆ 61,500. ಮಾರ್ಜಿನಲ್ ರಿಲೀಫ್ ಅದನ್ನು 10,000ಕ್ಕೆ ಇಳಿಸುತ್ತದೆ. ಇಂಥ ಅಂಚಿನ ನಿಯಮವೊಂದನ್ನು ಕೋಡ್‌ನಲ್ಲಿ ಬಿಟ್ಟರೂ ಒಟ್ಟು ಮೊತ್ತ ತಪ್ಪುತ್ತದೆ. ಈ ಬದಲಾವಣೆಗಳಿಂದ ಸುಮಾರು 1 ಲಕ್ಷ ಕೋಟಿ ರೂಪಾಯಿ ನೇರ ತೆರಿಗೆ ಕೈಬಿಡುತ್ತದೆ ಎಂದು ಬಜೆಟ್ ಭಾಷಣ ಹೇಳಿತು.

ಲೆಕ್ಕಕ್ಕಿಂತ ಕಷ್ಟವಾದದ್ದು ಮನುಷ್ಯನ ನಡವಳಿಕೆ. ಬ್ರಿಟನ್ 2010ರ ಏಪ್ರಿಲ್‌ನಲ್ಲಿ 1,50,000 ಪೌಂಡ್ ಮೀರಿದ ಆದಾಯಕ್ಕೆ ಶೇ 50ರ ದರ ತಂದಿತು. ಮುನ್ಸೂಚನೆ ಸಿಕ್ಕಿದ್ದ ಸಿರಿವಂತರು 1,600ರಿಂದ 1,800 ಕೋಟಿ ಪೌಂಡ್‌ಗಳಷ್ಟು ಆದಾಯವನ್ನು ಹಿಂದಿನ ವರ್ಷಕ್ಕೇ ಎಳೆದುಕೊಂಡರು ಎಂದು ಅಲ್ಲಿನ ತೆರಿಗೆ ಇಲಾಖೆ 2012ರಲ್ಲಿ ಅಂದಾಜಿಸಿತು. ದರವನ್ನು ಶೇ 45ಕ್ಕೆ ಇಳಿಸಿದರೆ ಯಾರೂ ನಡವಳಿಕೆ ಬದಲಿಸದಿದ್ದಾಗ ಆಗುವ ನಷ್ಟ ಸುಮಾರು 300 ಕೋಟಿ ಪೌಂಡ್. ನಡವಳಿಕೆಯನ್ನೂ ಲೆಕ್ಕಕ್ಕೆ ಹಿಡಿದಾಗ ಬರೀ 10 ಕೋಟಿ. ಒಂದೇ ಕಾನೂನು, ಒಂದೇ ದತ್ತಾಂಶ. ಊಹೆ ಬದಲಾದದ್ದಕ್ಕೆ ಮೂವತ್ತು ಪಟ್ಟು ಅಂತರ. ಹೀಗಾಗಿ ಊಹೆಯನ್ನು ತೆರೆದಿಡದ ಅಂದಾಜನ್ನು ಪರೀಕ್ಷಿಸಲು ಯಾರಿಗೂ ಸಾಧ್ಯವಿಲ್ಲ.

ಊಹೆಯಷ್ಟೇ ಮುಖ್ಯವಾದದ್ದು ದತ್ತಾಂಶ. ಅಮೆರಿಕದ ಸಂಶೋಧಕರಿಗೆ ಹೆಸರು, ಗುರುತು ಅಳಿಸಿದ ರಿಟರ್ನ್‌ಗಳ ಮಾದರಿ ದೊರೆಯುತ್ತದೆ. ಭಾರತದ ಆದಾಯ ತೆರಿಗೆ ಇಲಾಖೆ ಪ್ರಕಟಿಸುವುದು ಆದಾಯ ಶ್ರೇಣಿವಾರು ಒಟ್ಟು ಅಂಕಿಗಳನ್ನು. ಅದರಲ್ಲಿ 10ರಿಂದ 15 ಲಕ್ಷದವರೆಗಿನದು ಒಂದೇ ಶ್ರೇಣಿ. 12 ಲಕ್ಷದ ಗೆರೆ ಅದರ ನಡುವೆಯೇ ಬೀಳುತ್ತದೆ. ಗೆರೆಯ ಈಚೆ ಎಷ್ಟು ಜನ, ಆಚೆ ಎಷ್ಟು ಜನ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಗುರುತು ಅಳಿಸಿದ ರಿಟರ್ನ್‌ಗಳ ಮಾದರಿಯನ್ನು ಇಲ್ಲಿನ ವಿಶ್ವವಿದ್ಯಾಲಯಗಳಿಗೂ ಒದಗಿಸಬೇಕು.