ಗಿರಣಗಾಂವ

ಮುಂಬಯಿ ಪಟ್ಟಣದ ನಕಾಶೆಯಲ್ಲಿ ಗಿರಣಗಾಂವ ಎಂಬ ಹೆಸರು ಅಚ್ಚಾಗಿರುವುದಿಲ್ಲ. ಭಾಯಖಳಾ, ಚಿಂಚಪೋಕಳಿ, ಲಾಲಬಾಗ, ಪರಳ, ವರಳಿ, ಶಿವಡಿ ಎಂಬ ಬೇರೆ ಬೇರೆ ಕೇರಿಗಳು ಮಾತ್ರ ಅದರಲ್ಲಿ ಕಾಣುವುವು. ಇವೆಲ್ಲವನ್ನೂ ಕೂಡಿಸಿ ಗಿರಣಗಾಂವವೆಂದು ಕರೆದವರು ಅಲ್ಲಿ ದುಡಿದು ಬಾಳಿದ ಜನರು. ಗಿರಣಿ ಎಂಬ ಶಬ್ದವು ಉತ್ತರ ಕರ್ನಾಟಕದ ಮನೆಮಾತಿನಲ್ಲಿಯೂ ಇರುವುದರಿಂದ ಅದರ ಅರ್ಥವನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ವಿಚಾರಾರ್ಹವಾದುದು ಎರಡನೆಯ ಪದವು. ಲಕ್ಷಾಂತರ ಜನರು ಕಿಕ್ಕಿರಿದ ಮಹಾನಗರದ ನಡುಭಾಗವನ್ನು ಅವರು ‘ಗಾಂವ’ ಎಂದರು; ಎಂದರೆ ಹಳ್ಳಿ. ರತ್ನಾಗಿರಿಯಿಂದ ಕಡಲ ದಾರಿಯಲ್ಲಿಯೂ ಸಾತಾರೆಯಿಂದ ಘಟ್ಟವನ್ನಿಳಿದೂ ಬಂದ ಆ ಒಕ್ಕಲುಮಕ್ಕಳು ತಮ್ಮ ಊರನ್ನು ಬಿಟ್ಟು ಬಂದರಲ್ಲದೆ ಮರೆತು ಬರಲಿಲ್ಲವೆಂಬುದಕ್ಕೆ ಈ ಒಂದು ಪದವೇ ಸಾಕ್ಷಿಯಾಗಿದೆ.

ಈ ಹಳ್ಳಿ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. 1854ರಲ್ಲಿ ಕಾವಸಜಿ ನಾನಾಭಾಯಿ ದಾವರ ಎಂಬ ಪಾರಸಿ ಗೃಹಸ್ಥನು ನೂಲಿನ ಗಿರಣಿಯ ಕಂಪನಿಯೊಂದನ್ನು ಸ್ಥಾಪಿಸಿದನು. ತಾರದೇವದಲ್ಲಿದ್ದ ಆ ಗಿರಣಿ 1856ರಲ್ಲಿ ನೂಲು ತೆಗೆಯಲಾರಂಭಿಸಿತು. ಅದಕ್ಕೆ ಸ್ವಲ್ಪ ಮುಂಚೆ, 1853ರಲ್ಲಿ, ಠಾಣೆಯವರೆಗೆ ಉಗಿಬಂಡಿಯ ಹಾದಿಯಾಗಿತ್ತು. ಅಮೇರಿಕೆಯ ಅಂತರ್ಯುದ್ಧದ ವರ್ಷಗಳಲ್ಲಿ, ಎಂದರೆ 1861ರಿಂದ 1865ರ ವರೆಗೆ, ಆ ದೇಶದ ಹತ್ತಿ ಇಂಗ್ಲಂಡಿಗೆ ಸಾಕಷ್ಟು ಹೋಗದಾಗಲು ಮುಂಬಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಧಾರವಾಡ ಪ್ರಾಂತದ ಹತ್ತಿಯು ಕುಮಟೆಯ ಬಂದರದಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದ ಕಾಲವದು. ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಯುದ್ಧ ಮುಗಿದೊಡನೆ ಸಟ್ಟಾ ವ್ಯಾಪಾರಿಗಳು ಮಣ್ಣುಗೂಡಿದರೂ ಗಿರಣಿಗಳು ಬೆಳೆಯುತ್ತಲೇ ಹೋಗಿ, ಶತಮಾನದ ಕೊನೆಗೆ ಅವುಗಳ ಸಂಖ್ಯೆ ಎಂಬತ್ತರ ಸುಮಾರಿಗೆ ಮುಟ್ಟಿತು.

ಇಂದು ಈ ಕೇರಿಯನ್ನು ಕಾಲ್ನಡೆಯಿಂದಲೇ ನೋಡಬೇಕು. ವಾಹನದಲ್ಲಿ ಹೋಗುವವನಿಗೆ ಮೇಲುಸೇತುವೆಯ ಕಟಾಂಜನವೂ ಅದರಾಚೆ ಗಾಜಿನ ಗೋಪುರಗಳೂ ಕಾಣುವುವೇ ಹೊರತು ಮತ್ತೇನೂ ಕಾಣದು. ಚಿಂಚಪೋಕಳಿಯ ನಿಲ್ದಾಣದಲ್ಲಿಳಿದು ಪೂರ್ವಕ್ಕೆ ತಿರುಗಿ ಲಾಲಬಾಗದ ಕಡೆಗೆ ಸಾಗಿದರೆ, ಕಣ್ಣಿಗಿಂತ ಮೊದಲು ಮೂಗಿಗೆ ಆ ಊರಿನ ಪರಿಚಯವಾಗುವುದು. ಅಲ್ಲಿ ಮಸಾಲೆಯ ಪೇಟೆಯಿದೆ. ಮೆಣಸಿನಕಾಯಿಯ ರಾಶಿಗಳ ನಡುವೆ ಕುಳಿತು ಹೆಂಗಸರು ತೂಕ ಹಾಕಿಸುವರು. ಪಕ್ಕದಲ್ಲಿಯೇ ಹುರಿದು, ಯಂತ್ರದ ಒನಕೆಗಳಲ್ಲಿ ಕುಟ್ಟಿಸಿ, ವರ್ಷದ ಪುಡಿಯನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗುವರು. ಅಲ್ಲಿ ‘ಬೇಡಗಿ’ ಎಂದು ಮಾರಾಟವಾಗುವ ಕೆಂಪು ಸುಕ್ಕುಗಾಯಿಯು ಹಾವೇರಿ ಜಿಲ್ಲೆಯ ಬ್ಯಾಡಗಿಯದೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕೊಂಕಣದ ಗೃಹಿಣಿಯು ಖಾರಕ್ಕೆ ಬೇರೆ ಕಾಯಿಯನ್ನೂ ಬಣ್ಣಕ್ಕೆ ಇದನ್ನೂ ಆರಿಸುವಳು. ಸೀನು ಬಾರದೆ ಆ ಓಣಿಯನ್ನು ದಾಟಿದವನು ಪುಣ್ಯವಂತನೇ ಸರಿ.

ಇದೇ ಲಾಲಬಾಗದ ಪೇಟೆಯಲ್ಲಿ 1934ರಿಂದ ಸಾರ್ವಜನಿಕ ಗಣಪತಿಯನ್ನು ಕೂಡಿಸುತ್ತ ಬಂದಿರುವರು. ಬೆಸ್ತರೂ ಚಿಲ್ಲರೆ ವ್ಯಾಪಾರಿಗಳೂ ತಮಗೆ ಸಂತೆಯ ಜಾಗ ದೊರೆಯಲೆಂದು ಹೊತ್ತ ಹರಕೆಯಿಂದ ಆ ಉತ್ಸವವು ಆರಂಭವಾಯಿತು. ಇಂದು ಅದರ ದರ್ಶನಕ್ಕೆ ಜನರು ಹಗಲಿರುಳು ಸಾಲಿನಲ್ಲಿ ನಿಲ್ಲುವರು. ಅವರಲ್ಲಿ ಹರಕೆಯ ಮೂಲವನ್ನು ಬಲ್ಲವರು ವಿರಳ.

ಪೇಟೆಯ ಹಿಂದಿನ ಚಾಳುಗಳು ಈ ಹಳ್ಳಿಯ ಜೀವಾಳ. ಒಂದೇ ಕೋಣೆ, ಅದರಲ್ಲಿಯೇ ಒಲೆ, ದೇವರು, ಹಾಸಿಗೆ. ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರು ಹತ್ತು ಹನ್ನೆರಡು ಮಂದಿ ಕೂಡಿ ಒಂದು ಕೋಣೆಯನ್ನು ಹಿಡಿಯುವರು. ಹಗಲು ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಒರಗುವನು. ‘ಭೋಂಗಾ’ ಎಂಬ ಗಿರಣಿಯ ಕೂಗೇ ಅವರ ಗಡಿಯಾರ. ಊಟಕ್ಕೆ ಖಾನಾವಳಿ. ಗಂಡನ ಸಂಬಳವು ಸಾಲದ ಹೆಂಗಸು ನಾಲ್ಕೆಂಟು ಮಂದಿ ಪರಸ್ಥಳದವರಿಗೆ ಅಡಿಗೆ ಮಾಡಿ ಹಾಕಿ ಸಂಸಾರವನ್ನು ಸಾಗಿಸುವಳು. ಬಡ್ಡಿಗೆ ಸಾಲ ತಂದು ದಿನಸಿ ಕೊಳ್ಳುತ್ತಿದ್ದ ಈ ಅನ್ನಪೂರ್ಣೆಯರನ್ನು ಕೂಡಿಸಿ ಪ್ರೇಮಾ ಪುರವ ಎಂಬವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಗಿರಣಿಗಳ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಮಾಲಕರನ್ನೂ ಮುಂದಾಳುಗಳನ್ನೂ ಹೆಸರಿಸಿ ಈ ಒಲೆಗಳನ್ನು ಮರೆತಿರುವುದು ದೊಡ್ಡ ಲೋಪ.

1920ರಲ್ಲಿ ಸರಕಾರವು ತಾನೇ ಒಂದು ಖಾತೆಯನ್ನು ತೆರೆದು, ವರಳಿ, ನಾಯಗಾಂವ, ಡಿಲಾಯಲ್ ರಸ್ತೆ, ಶಿವಡಿ ಈ ನಾಲ್ಕು ಸ್ಥಳಗಳಲ್ಲಿ 207 ಚಾಳುಗಳನ್ನು ಕಟ್ಟಿಸಿತು. ಒಂದೊಂದು ಚಾಳಿನಲ್ಲಿ 80 ಕೋಣೆಗಳು. ಅವು ಬಿ. ಡಿ. ಡಿ. ಚಾಳುಗಳೆಂದು ಪ್ರಸಿದ್ಧವಾದುವು. ಈಚೆಗೆ ಅವುಗಳನ್ನು ಕೆಡವಿ ಮುಗಿಲೆತ್ತರದ ಮನೆಗಳನ್ನು ಕಟ್ಟುವ ಕೆಲಸವು ನಡೆದಿದೆ.

ಹಳ್ಳಿಯು ಬರುವಾಗ ತನ್ನ ಗುಣಗಳೊಡನೆ ದೋಷವನ್ನೂ ತಂದಿತು. ಗಿರಣಿಯಲ್ಲಿ ಹೆಚ್ಚಿನ ಕೂಲಿ ನೇಯ್ಗೆಯ ವಿಭಾಗದಲ್ಲಿ. ಲಾಳಿಯ ಕಣ್ಣಿನಿಂದ ನೂಲಿನೆಳೆಯನ್ನು ಬಾಯಿಂದ ಹೀರಿ ತೆಗೆಯಬೇಕಾಗುತ್ತಿದ್ದುದರಿಂದ, ಎಂಜಲಿನ ನೆವವನ್ನೊಡ್ಡಿ ಅಸ್ಪೃಶ್ಯರೆನಿಸಿದವರನ್ನು ಆ ವಿಭಾಗಕ್ಕೆ ಸೇರಗೊಡುತ್ತಿರಲಿಲ್ಲ. ಪರಳದ ಚಾಳಿನ ಕೋಣೆಯಲ್ಲಿ ಬಹುವರ್ಷ ವಾಸವಾಗಿದ್ದ ಡಾಕ್ಟರ್ ಅಂಬೇಡಕರರು 1928ರ ಮುಷ್ಕರದ ಕಾಲದಲ್ಲಿ ಈ ಪ್ರಶ್ನೆಯನ್ನೆತ್ತಿದರು. ಕೆಂಪು ಬಾವುಟದ ಕೆಳಗೆ ನಿಂತವರೂ ಇದಕ್ಕೆ ನೇರವಾದ ಉತ್ತರವನ್ನು ಕೊಡಲಾರದೆ ತಡವರಿಸಿದರು.

ಆ ಮುಷ್ಕರವು ಆರು ತಿಂಗಳು ನಡೆಯಿತು. ಅದಕ್ಕೂ ಮುಂಚೆ, 1884ರಲ್ಲಿಯೇ ನಾರಾಯಣ ಮೇಘಾಜಿ ಲೋಖಂಡೆಯವರು ಕೂಲಿಕಾರರ ಸಂಘವನ್ನು ಕಟ್ಟಿ, ವಾರಕ್ಕೊಂದು ದಿನದ ಬಿಡುವನ್ನು 1890ರಲ್ಲಿ ದೊರಕಿಸಿದ್ದರು. 1908ರಲ್ಲಿ ಲೋಕಮಾನ್ಯರಿಗೆ ಆರು ವರ್ಷಗಳ ಶಿಕ್ಷೆಯಾದಾಗ, ವರ್ಷಕ್ಕೊಂದು ದಿನದಂತೆ ಆರು ದಿನ ಗಿರಣಿಗಳನ್ನು ನಿಲ್ಲಿಸಿದವರೂ ಈ ಕೇರಿಯವರೇ. ಇಲ್ಲಿಯ ಸಾಹಿತ್ಯವೂ ಕಡಿಮೆಯದಲ್ಲ. ಅಣ್ಣಾಭಾವು ಸಾಠೆ, ಅಮರ ಶೇಖ ಮೊದಲಾದ ಶಾಹೀರರು ಡಫಿನ ಬಡಿತಕ್ಕೆ ಬೀದಿಯನ್ನೇ ಸಭೆಯನ್ನಾಗಿ ಮಾಡಿದರು. ತೊಟ್ಟಿಲಗೂಸಾಗಿ ಬೀದಿಯಲ್ಲಿ ದೊರೆತು, ಗಿರಣಿಯ ಕೂಲಿಕಾರನ ಮನೆಯಲ್ಲಿ ಬೆಳೆದ ನಾರಾಯಣ ಸುರ್ವೆಯವರು ಮರಾಠಿಯ ಗಣ್ಯಕವಿಗಳಾದರು. 1966ರಲ್ಲಿ ಬಂದ ಅವರ ಸಂಗ್ರಹಕ್ಕೆ ‘ಮಾಝೇ ವಿದ್ಯಾಪೀಠ’ವೆಂದು ಹೆಸರು. ಅವರು ಓದಿದ ವಿದ್ಯಾಪೀಠ ಬೀದಿಯೇ.

1982ನೆಯ ಇಸವಿಯ ಜನವರಿ 18ರಂದು ಡಾಕ್ಟರ್ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕೂಲಿಕಾರರು ಕೆಲಸವನ್ನು ನಿಲ್ಲಿಸಿದರು. ಕೂಲಿಯನ್ನು ಹೆಚ್ಚಿಸಬೇಕೆಂಬುದು ಒಂದು ಬೇಡಿಕೆ. 1946ರ ಕಾಯದೆಯಂತೆ ಒಂದೇ ಸಂಘಕ್ಕೆ ಮನ್ನಣೆಯಿದ್ದುದನ್ನು ತೆಗೆಯಬೇಕೆಂಬುದು ಮತ್ತೊಂದು. ತಿಂಗಳುಗಳು ಕಳೆದು ವರ್ಷವು ತುಂಬಿತು. ಜನರು ತಾಮ್ರದ ಹಂಡೆಗಳನ್ನು ಒತ್ತೆಯಿಟ್ಟು ಊರಿನ ದಾರಿಯನ್ನು ಹಿಡಿದರು. ಅಷ್ಟರಲ್ಲಿ ಭಿವಂಡಿಯ ವಿದ್ಯುನ್ಮಗ್ಗಗಳು ಬಟ್ಟೆಯ ಪೇಟೆಯನ್ನು ತುಂಬಿದ್ದುವು. ಆ ಮುಷ್ಕರವನ್ನು ಹಿಂದೆಗೆದುಕೊಂಡೆವೆಂದು ಯಾರೂ ವಿಧಿಪೂರ್ವಕವಾಗಿ ಸಾರಲಿಲ್ಲ. ಆದುದರಿಂದ ಅದು ಮುಗಿಯಿತೆಂದು ಹೇಳುವುದು ವ್ಯಾಕರಣಕ್ಕೆ ಒಪ್ಪಿದರೂ ಅಲ್ಲಿಯ ಮುದುಕರಿಗೆ ಒಪ್ಪದು. ಸಾಮಂತರು 1997ರಲ್ಲಿ ಕೊಲೆಯಾದರು.

ಯಂತ್ರಗಳು ನಿಂತ ಮೇಲೆ ನೆಲಕ್ಕೆ ಬೆಲೆ ಬಂದಿತು. ಗಿರಣಿಗಳ ಜಾಗವೆಲ್ಲ ಕೂಡಿ ಸುಮಾರು 600 ಎಕರೆ. ಅದನ್ನು ಮೂರು ಪಾಲು ಮಾಡಿ, ಒಂದನ್ನು ನಗರದ ಬಯಲಿಗೂ, ಒಂದನ್ನು ಸಾಮಾನ್ಯರ ಮನೆಗಳಿಗೂ, ಉಳಿದುದನ್ನು ಮಾಲಕರಿಗೂ ಕೊಡಬೇಕೆಂದು 1991ರ ನಿಯಮವು ವಿಧಿಸಿತ್ತು. 2001ರ ತಿದ್ದುಪಡಿಯಿಂದ ಕಟ್ಟಡವಿಲ್ಲದೆ ಬರಿದಾಗಿದ್ದ ನೆಲಕ್ಕೆ ಮಾತ್ರ ಈ ಪಾಲುವಾರಿಕೆ ಅನ್ವಯಿಸಿತು. ಗಿರಣಿಯ ಅಂಗಳದಲ್ಲಿ ಬರಿದಾದ ನೆಲವೆಷ್ಟು? ಒಂದು ಪದದ ಅರ್ಥಸಂಕೋಚದಿಂದ ಸಾರ್ವಜನಿಕರ ಎರಡು ಪಾಲುಗಳು ಹೇಗೆ ಕರಗುವುವೆಂಬುದಕ್ಕೆ ಶಾಸ್ತ್ರಪಾಠದಲ್ಲಿಯೂ ಇಂಥ ಉದಾಹರಣೆ ಸಿಕ್ಕದು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಡಿಲಾಯಲ್ ರಸ್ತೆಗೆ ಈಗ ಕೂಲಿಕಾರರ ಹಿತಚಿಂತಕರಾದ ನಾ. ಮ. ಜೋಶಿಯವರ ಹೆಸರು. ಅದನ್ನು ದಾಟಿ, ರೈಲುಹಾದಿಯ ಮೇಲಿನ ಸೇತುವೆಯನ್ನಿಳಿದರೆ, ಫೀನಿಕ್ಸ್ ಗಿರಣಿಯ ಹೊಗೆಗೊಳವೆಯು ಅಂಗಡಿಗಳ ಮಹಾಸೌಧದ ನಡುವೆ ಅಲಂಕಾರದಂತೆ ನಿಂತಿರುವುದು. ಉತ್ತರಕ್ಕೆ ಸ್ವಲ್ಪ ನಡೆದರೆ ಪ್ರಭಾದೇವಿ ನಿಲ್ದಾಣ. 2018ರ ವರೆಗೆ ಅದು ಎಲಫಿನ್‌ಸ್ಟನ್ ರಸ್ತೆ. ಗಿರಣಿಗಳ ಜಾಗದಲ್ಲಿ ಕಚೇರಿಗಳು ತುಂಬಿದುವು, ದಾರಿಗಳು ಮಾತ್ರ ಹಿಂದಿನಷ್ಟೇ ಅಗಲವಾಗಿದ್ದುವು. 2017ರ ಸೆಪ್ಟೆಂಬರ 29ರ ಮಳೆಯ ಬೆಳಗಿನಲ್ಲಿ ಅಲ್ಲಿಯ ಇಕ್ಕಟ್ಟಾದ ಕಾಲುಸೇತುವೆಯ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 23 ಮಂದಿ ಪ್ರಾಣಬಿಟ್ಟರು.

ಗಿರಣಿ ಕೂಲಿಕಾರರಿಗೂ ಅವರ ವಾರಸುದಾರರಿಗೂ ಮನೆಗಳನ್ನು ಹಂಚಲು 2012ರಲ್ಲಿ ದೊಡ್ಡ ಚೀಟಿಯೆತ್ತಲಾಯಿತು. ಅರ್ಜಿಗಳು ಒಂದೂವರೆ ಲಕ್ಷದಷ್ಟಿದ್ದರೆ ಆ ಸಲದ ಮನೆಗಳು ಏಳು ಸಾವಿರವೂ ಇರಲಿಲ್ಲ. ಮುಂದೆಯೂ ಕೆಲವು ಸಲ ಚೀಟಿಯಾಗಿದೆ. ಉಳಿದವರಿಗೆ ಕರ್ಜತದ ಹಾದಿಯಲ್ಲಿರುವ ಶೇಲು, ವಾಂಗಣಿಗಳಲ್ಲಿ ಮನೆ ಕೊಡುವೆವೆಂದು ಸರಕಾರವು ಹೇಳಿದಾಗ, ಅಷ್ಟು ದೂರ ಹೋಗಲಾರೆವು, ಮುಂಬಯಿಯಲ್ಲಿಯೇ ಕೊಡಿರೆಂದು ಅವರು 2025ರ ಜುಲೈಯಲ್ಲಿ ಆಜಾದ ಮೈದಾನದಲ್ಲಿ ನೆರೆದರು. ಮುಷ್ಕರದ ದಿನಗಳಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಆಗ ಅರುವತ್ತನ್ನು ದಾಟಿದ್ದರು.